ವೀರಗಲ್ಲಿಗೆ ಅವ್ವ ಹಚ್ಚಿದ ಎಣ್ಣೆ

ಇವತ್ತು ಬೆಳಿಗ್ಗೆ ಸೊಸೆ ಕುಸುಬಿ ಎಣ್ಣೆಯ ಹೊಸ ಡಬ್ಬಿ ತೆರೆದಳು. ಆ ವಾಸನೆಗೆ ಯಾರಿಗಾದರೂ ಮಿರ್ಚಿ ಭಜಿ ನೆನಪಾಗಬೇಕು. ನಾನು ಇದ್ದಲ್ಲೇ ಕೂತುಬಿಟ್ಟೆ. ನಗಬೇಡಿ, ಕಾರಣ ಹೇಳುತ್ತೇನೆ.

ಎಂಬತ್ತನೇ ಇಸವಿಯ ಆಸುಪಾಸಿನ ಮಾತು. ರಾಯಚೂರು ಕೋಟೆಯ ವಸ್ತುಸಂಗ್ರಹಾಲಯದಲ್ಲಿ ನಾನು ದಿನಗೂಲಿ ಕಾವಲುಗಾರ. ಸಾಲಾಗಿ ನಿಲ್ಲಿಸಿದ ಶಿಲ್ಪ, ವೀರಗಲ್ಲುಗಳ ಧೂಳು ಒರೆಸುವುದು, ನೋಡಲು ಬಂದವರಿಗೆ ಮುಟ್ಟಬೇಡಿ ಅನ್ನುವುದು, ಇಷ್ಟೇ ಕೆಲಸ. ಖಾಕಿ ಅಂಗಿ ತೊಟ್ಟರೆ ಮಾತ್ರ ಕೋಟೆ ಕಟ್ಟಿಸಿದವನೇ ನಾನು ಎಂಬ ಠೀವಿ. ಒಳಗೆ ಎದೆ ಪುಕಪುಕ. ನೌಕರಿ ಕಾಯಂ ಆಗಿರಲಿಲ್ಲ. ನಾಳೆಯಿಂದ ಬರಬೇಡ ಎಂದರೆ ಮತ್ತೆ ನಮ್ಮೂರು ಕುರ್ಡಿಯ ಹೊಲಗಳಲ್ಲಿ ಕೂಲಿಯೇ ಗತಿ.

ದೊಡ್ಡ ಸಾಹೇಬರು ತಪಾಸಣೆಗೆ ಬರುವ ದಿನವೇ ಅವ್ವ ಊರಿಂದ ಬಂದಳು. ಮಗ ದುಡಿಯುವ ಜಾಗ ನೋಡುವ ಆಸೆ. ಮೂಲೆಯಲ್ಲಿ ನಿಲ್ಲು, ಏನನ್ನೂ ಮುಟ್ಟಬೇಡ ಎಂದು ಹತ್ತು ಸಲ ಹೇಳಿ ಗೇಟಿನ ಕಡೆ ಓಡಿದೆ. ಊರ ಮುಂದಿನ ವೀರಗಲ್ಲಿಗೆ ಅಮಾವಾಸ್ಯೆಗೊಮ್ಮೆ ಎಣ್ಣೆ ಹಚ್ಚಿ ಬೇಡಿಕೊಳ್ಳುವುದು ನಮ್ಮವರ ರೂಢಿ. ಅಂದು ಅಮಾವಾಸ್ಯೆ ಎಂಬುದೇ ನನ್ನ ತಲೆಯಲ್ಲಿರಲಿಲ್ಲ.

ಸಾಹೇಬರ ಹಿಂದೆ ಒಳಗೆ ಬಂದರೆ, ಸಾಲಿನ ಮೊದಲ ವೀರಗಲ್ಲು ಮೈತುಂಬ ಎಣ್ಣೆ ಕುಡಿದು ಮಿಂಚುತ್ತಿದೆ. ನನಗೆಂದು ಅವಳು ಊರಿಂದ ತಂದ ಕುಸುಬಿ ಎಣ್ಣೆಯ ಶೀಶೆ ಖಾಲಿ. ಅವ್ವ ಕೈಮುಗಿದು ತುಟಿಯಲ್ಲೇ ಬೇಡುತ್ತಿದ್ದಾಳೆ. ಬೇರೇನು ಬೇಡುತ್ತಾಳೆ, ನನ್ನ ನೌಕರಿ ಗಟ್ಟಿಯಾಗಲಿ ಎಂದೇ.

ಈ ಮುದುಕಿ ಯಾರು ಎಂದು ಸಾಹೇಬರು ನನ್ನನ್ನು ಕೇಳಿದರು.

"ಗೊತ್ತಿಲ್ರೀ ಸಾಹೇಬ್ರ" ಎಂದುಬಿಟ್ಟೆ.

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ತಪ್ಪಾಯಿತು, ತಾನು ಕೋಟೆ ನೋಡಲು ಬಂದವಳು, ಇಲ್ಲಿ ತನ್ನವರು ಯಾರೂ ಇಲ್ಲ ಎಂದು ಸಾಹೇಬರಿಗೆ ಹೇಳಿ ಹೊರನಡೆದಳು.

ಕಲ್ಲು ಒರೆಸಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ. ಬಸ್‌ಸ್ಟ್ಯಾಂಡಿಗೆ ಓಡಿದೆ. ನಮ್ಮೂರ ಕಡೆ ಹೋಗುವ ಮಾನ್ವಿ ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ ಕೂತಿದ್ದಳು. ಬೈದರೆ ಬೈಯಲಿ ಎಂದು ಎದುರಿಗೆ ನಿಂತೆ.

"ಸಾಹೇಬ್ರು ನಿನಗೇನೂ ಅನಲಿಲ್ಲ ಹೌದಲ್ಲೋ ಯಪ್ಪಾ? ನೌಕರಿ ಗಟ್ಟಿ ಆಗೋತನಕ ನಾ ಈ ಕಡಿ ಬರಂಗಿಲ್ಲ ಬಿಡು."

ಕಾಯಂ ಆಗಲು ಆರು ವರ್ಷ ಹಿಡಿಯಿತು. ಊರಿಗೆ ಹೋದಾಗಲೆಲ್ಲ ನೌಕರಿಯದ್ದೇ ವಿಚಾರಿಸುತ್ತಿದ್ದಳು. ಆ ದಿನದ ಮಾತು ಎತ್ತಲಿಲ್ಲ. ಐದನೆಯ ವರ್ಷ ತೀರಿಕೊಂಡಳು. ರಾಯಚೂರಿಗೆ ಮತ್ತೆ ಬರಲೇ ಇಲ್ಲ.

ಇವತ್ತು ಎಣ್ಣೆಯ ಡಬ್ಬಿ ಬದಿಗಿಟ್ಟು, ಯಾಕೆ ಹೀಗೆ ಕೂತಿರಿ ಮಾವ ಎಂದು ಸೊಸೆ ಕೇಳಿದಳು. ಇಷ್ಟು ವರ್ಷ ಹೆಂಡತಿಗೂ ಹೇಳಿರಲಿಲ್ಲ.

"ನಮ್ಮವ್ವನ್ನ ನಾ ಗೊತ್ತಿಲ್ಲ ಅಂದಿದ್ದೆ ಯವ್ವಾ" ಎಂದೆ.