ಮೂಕಿ ಚಿತ್ರಕ್ಕೆ ಮಾತು ಕೊಟ್ಟವರು

ಎಂಬತ್ತರ ದಶಕದ ಒಂದು ಬೇಸಿಗೆ ಕುಡಚಿಯ ಟೂರಿಂಗ್ ಟಾಕೀಸಿಗೆ ಯುದ್ಧಭೂಮಿಯ ಸಿಪಾಯಿಗಳ ಹಳೆಯ ನಗೆಚಿತ್ರವೊಂದು ಬಂತು. ಮೂಕಿ ಚಿತ್ರ. ತೆರೆಯ ಮೇಲೆ ಬಾಯಿ ಆಡುತ್ತಿದ್ದರೂ ಮಾತು ಕೇಳದಿದ್ದಾಗ ಜನ ಮಷಿನ್ ಕೆಟ್ಟಿದೆಯೆಂದು ತಿಳಿದು, ‘ಆವಾಜ್ ಬಿಡ್ರಿ!’ ಎಂದು ಸಿಳ್ಳೆ ಹೊಡೆದರು. ಆಗ ಮೈಕು ಹಿಡಿದವರು ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದ ಹವಾಲ್ದಾರರು.

ಫೌಜಿನಿಂದ ಬಂದವರು. ಮೈಕಿನ ಮುಂದೆಯೂ ಹಿಮ್ಮಡಿ ಜೋಡಿಸಿಯೇ ನಿಲ್ಲುತ್ತಿದ್ದರು. ಜೊತೆಗೆ ಭರ್ತಿಯಾಗಿದ್ದ ಸತ್ತಿ ಊರಿನ ಗೆಳೆಯ ಗಡಿಯಿಂದ ಮರಳಿರಲಿಲ್ಲ. ಯಾರಾದರೂ ಕೇಳಿದರೆ, ‘ಅವಂಗ ನಿದ್ದಿ ಹತ್ತೇತ್ರಿ’ ಎಂದು ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದರು.

ಚಿತ್ರದಲ್ಲೊಬ್ಬ ಸಿಪಾಯಿ ಗುಂಡು ಹಾರುವಾಗಲೂ ಕಂದಕದಲ್ಲಿ ಬಾಯಿ ತೆರೆದು ಮಲಗಿರುತ್ತಾನೆ. ಜೊತೆಗಾರ ಅವನ ಮೂಗಿಗೆ ಹುಲ್ಲುಕಡ್ಡಿ ತುರುಕುತ್ತಾನೆ, ನೀರು ಸುರಿಯುತ್ತಾನೆ. ಹವಾಲ್ದಾರರು ಮೈಕಿನಲ್ಲಿ, ‘ಏಳೋ ದೋಸ್ತ, ಕುಡಚಿ ಟೇಶನ್ ಬಂತು!’ ಎನ್ನುವುದೇ ತಡ, ಮಲಗಿದವನು ದಡಬಡಿಸಿ ಎದ್ದು ಓಡುತ್ತಿದ್ದ. ಟೆಂಟು ತುಂಬ ನಗು. ಹವಾಲ್ದಾರರು ನಕ್ಕದ್ದನ್ನು ನಾನು ಕಂಡದ್ದು ಅಲ್ಲಿ ಮಾತ್ರ.

ಒಂದು ದಿನ ರೀಲು ಸರಿಯಾಗಿ ಅವನು ಏಳುವಲ್ಲಿಯೇ ಸಿಕ್ಕಿ ಸುಟ್ಟುಹೋಯಿತು. ಆಪರೇಟರ್ ಸುಟ್ಟ ತುಂಡು ಕತ್ತರಿಸಿ ಅಂಟಿಸಿದ. ಮರುದಿನ ಹವಾಲ್ದಾರರು, ‘ಏಳೋ ದೋಸ್ತ!’ ಎಂದು ಕೂಗಿದರು. ಮಲಗಿದವನು ಏಳಲಿಲ್ಲ, ತೆರೆಯ ಮೇಲೆ ಬೇರೆ ಸೀನು ಬಂದಿತ್ತು. ಅವರು ಮೈಕು ಕೆಳಗಿಟ್ಟರು.

‘ಯಾಕ ನಿಂತ್ರಿ ಹವಾಲ್ದಾರ್ರ, ಮಾತಾಡ್ರಿ’ ಎಂದ ಆಪರೇಟರ್.

‘ಅವ ಏಳವಲ್ಲರಿ.’

ಹಿಂದಿನಿಂದ ಜನ ಮತ್ತೆ ಕೂಗತೊಡಗಿದರು: ‘ಆವಾಜ್ ಬಿಡ್ರಿ!’