ಒಂದೂವರೆ ಡಿಗ್ರಿ ಕಮ್ಮಿ

ನಮ್ಮ ಮನೆಯ ಮಿಷನ್ನು ಅಂದರೆ ದೊಡ್ಡದೇನಲ್ಲ. ಮೀನು ತುಂಬುವಂಥ ಒಂದು ಥರ್ಮಾಕೋಲ್ ಡಬ್ಬ, ಒಳಗೊಂದು ಬಲ್ಬು, ಅಂಗೈಯಗಲದ ಫ್ಯಾನು, ಹೊರಗೆ ಕೆಂಪು ಅಂಕಿ ತೋರಿಸುವ ಪುಟ್ಟ ಮೀಟರು. ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತರಾಗಿರುವ ನನ್ನ ಯಜಮಾನರು ಫೋನು ನೋಡಿಕೊಂಡು ತಾವೇ ಕಟ್ಟಿದ್ದು. ಮಧುಗಿರಿಯಲ್ಲಿ ನಮ್ಮ ಮನೆ ಬೆಟ್ಟದ ಬುಡಕ್ಕೇ ಇದೆ. ಹಿತ್ತಲಲ್ಲಿ ನಿಂತರೆ ಬಂಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಹಗಲೆಲ್ಲ ಕಾದ ಬಂಡೆ ಸಂಜೆಯವರೆಗೂ ಬಿಸಿ ಉಗುಳುತ್ತಿರುತ್ತದೆ. ಆ ಹಿತ್ತಲಿನ ನಾಟಿಕೋಳಿಗಳ ಮೊಟ್ಟೆಯನ್ನು ಮಿಷನ್ನಿನಲ್ಲಿಟ್ಟು ಮರಿ ಮಾಡುವುದು ಅವರ ಹುಚ್ಚು. ಕಟ್ಟಿದ್ದು ಅವರು, ನೋಡಿಕೊಳ್ಳುವುದು ನಾನು. ದಿನಕ್ಕೆ ಮೂರು ಸಲ ಮೊಟ್ಟೆ ಹೊರಳಿಸಬೇಕು. ಯಾವುದನ್ನು ಹೊರಳಿಸಿದೆ, ಯಾವುದನ್ನು ಬಿಟ್ಟೆ ಅಂತ ಗೊತ್ತಾಗಲಿ ಎಂದು ಎಂಟನೇ ಕ್ಲಾಸಿನ ನನ್ನ ಮಗಳು ಪ್ರತಿ ಮೊಟ್ಟೆಯ ಒಂದು ಮಗ್ಗುಲಿಗೆ ಪೆನ್ಸಿಲಿನಲ್ಲಿ ಸೊನ್ನೆ, ಇನ್ನೊಂದು ಮಗ್ಗುಲಿಗೆ ಗುಣಾಕಾರದ ಗುರುತು ಹಾಕಿಕೊಟ್ಟಿದ್ದಳು.

ಮೊದಲ ಸಲ ಮೀಟರಿನಲ್ಲಿ ಮೂವತ್ತೇಳೂವರೆ ಇಟ್ಟೆವು. ಮೂವತ್ತು ಮೊಟ್ಟೆಗೆ ಇಪ್ಪತ್ತಮೂರು ಮರಿ. ನಾನು ಕುಣಿಯುವುದೊಂದು ಬಾಕಿ. ಆದರೆ ಎರಡು ತಿಂಗಳು ಕಳೆದು ಜುಟ್ಟು ಮೂಡಿದಾಗ ನೋಡಿದರೆ ಅರ್ಧಕ್ಕಿಂತ ಹೆಚ್ಚು ಹುಂಜಗಳೇ. ಯಜಮಾನರ ಮುಖ ಇಳಿಯಿತು. ಅವರಿಗೆ ಬೇಕಾಗಿದ್ದುದು ಮೊಟ್ಟೆ ಇಡುವ ಹ್ಯಾಟೆಗಳು. ಹುಂಜ ತಿನ್ನುತ್ತೆ, ಕೂಗುತ್ತೆ, ಕಾದಾಡುತ್ತೆ, ಅಷ್ಟೆ.

"ಬ್ಯಾಸ್ಗೇಲಿ ಕಾವಿಗೆ ಕೂರಿಸಿದ್ರೆ ಅಂಗೇ ಕಣ್ಲಾ," ಅಂದರು ಅತ್ತೆ, ಕಡಲೆಕಾಯಿ ಸುಲಿಯುತ್ತಾ. ಅತ್ತೆ ಹುಲಿಕುಂಟೆ ಕಡೆಯವರು, ಲಂಗ ಹಾಕುವ ವಯಸ್ಸಿನಿಂದ ಕೋಳಿ ಸಾಕಿದವರು. "ಶಾಖ ಜಾಸ್ತಿ ಆದ್ರೆ ಗಂಡು, ತಂಪಾದ್ರೆ ಹೆಣ್ಣು. ನಮ್ಮವ್ವ ಮಳೆ ಬಿದ್ದು ನೆಲ ತಣ್ಣಗಾದ್ಮೇಲೇನೆ ಕೂರಿಸ್ತಿದ್ದಿದ್ದು. ಮಂಕರೀಲಿ ಬೂದಿ ಹಾಸಿ, ಸಿಡಿಲಿಗೆ ಕೆಡದಂಗೆ ಒಂದು ಕಬ್ಬಿಣದ ಮೊಳೆ ಇಟ್ಟು. ನಿನ್ನ ಫೋನಿಗೇನ್ಲಾ ಗೊತ್ತು ಇವೆಲ್ಲ?"

ಫೋನಿಗೂ ಅದೇ ಗೊತ್ತಿತ್ತು. ಅದರಲ್ಲಿ ಒಬ್ಬ ಟೋಪಿ ಹಾಕಿಕೊಂಡು, ಶಾಖ ಇಳಿಸಿದರೆ ಹ್ಯಾಟೆ ಮರಿಯೇ ಬರುವುದು ಅಂತ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದ. ಅಮ್ಮನ ಮಾತೂ ಫೋನಿನ ಮಾತೂ ಒಂದೇ ಆದ ಮೇಲೆ ಯಜಮಾನರಿಗೆ ಇನ್ನೇನು ಬೇಕು? ಮೀಟರನ್ನು ಮೂವತ್ತಾರಕ್ಕೆ ಇಳಿಸಿ ಮತ್ತೆ ಮೂವತ್ತು ಮೊಟ್ಟೆ ಇಟ್ಟರು.

ತಂಪಾದ್ರೆ ಹೆಣ್ಣು. ಈ ಮಾತು ನಮ್ಮ ಮನೆಗೆ ಹೊಸದಲ್ಲ. ನನಗೆ ಒಬ್ಬಳೇ ಮಗಳು. ಅವಳು ಹುಟ್ಟಿದಾಗಿನಿಂದ ನನ್ನ ಹೊಟ್ಟೆ ತಂಪು ಅಂತ ಆಗಿಹೋಗಿತ್ತು. ಸೌತೆಕಾಯಿ ತಿನ್ನಬೇಡ, ಮಜ್ಜಿಗೆ ಕುಡಿಯಬೇಡ, ಬೆಳಿಗ್ಗೆ ಎದ್ದು ಮೆಣಸಿನ ಕಷಾಯ ಕುಡಿ. ಎರಡು ವರ್ಷ ಕುಡಿದೆ. ನಾಲಿಗೆ ಸುಟ್ಟುಹೋದ ಮೇಲೂ ಕುಡಿದೆ.

ನಾನು ತುಮಕೂರಿನಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಹತ್ತನೇ ಕ್ಲಾಸಿನಲ್ಲಿ ಸಿಸ್ಟರ್ ಬಣ್ಣದ ಚಾಕ್‌ಪೀಸಿನಲ್ಲಿ ಚಿತ್ರ ಬರೆದು ಹೇಳಿಕೊಟ್ಟಿದ್ದರು: ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಅನ್ನುವುದು ತಂದೆಯಿಂದ ಬರುವುದು, ಹಕ್ಕಿಗಳಲ್ಲಿ ತಾಯಿಯಿಂದ. ಎರಡು ಅಂಕದ ಪ್ರಶ್ನೆ. ನೀಟಾಗಿ ಬರೆದು, ಸ್ಕೇಲಿಟ್ಟು ಅಡಿಗೆರೆ ಎಳೆದಿದ್ದೆ. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಅಂತಲೂ ಅದೇ ಶಾಲೆ ಕಲಿಸಿತ್ತು. ನನಗೆ ಬದುಕಿಗೆ ಬಂದದ್ದು ಅದೇ. ಮೀಟರು ಇಳಿಸುವಾಗಲೂ ಸುಮ್ಮನೆ ಟಾರ್ಚು ಹಿಡಿದುಕೊಂಡು ನಿಂತಿದ್ದೆ.

ಏಳನೆಯ ದಿನ ಸಾಮಾನು ಕೋಣೆಯ ಕಿಟಕಿ ಮುಚ್ಚಿ, ಫೋನಿನ ಬೆಳಕಿನ ಮೇಲೆ ಒಂದೊಂದೇ ಮೊಟ್ಟೆ ಇಟ್ಟು ನೋಡಿದೆ. ಜೀವ ಹಿಡಿದ ಮೊಟ್ಟೆಯಲ್ಲಿ ಕೆಂಪು ನರಗಳು ಜೇಡದ ಕಾಲಿನ ಹಾಗೆ ಹರಡಿರುತ್ತವೆ, ನಡುವೆ ಒಂದು ಕಪ್ಪು ಚುಕ್ಕೆ ಮಿಸುಕುತ್ತದೆ. ಮಗಳು ಮುಂದಿನ ಮೊಟ್ಟೆಯನ್ನು ಕೈಯಲ್ಲಿ ಹಿಡಿದು, ನನ್ನ ಭುಜಕ್ಕೆ ಗದ್ದ ಊರಿ ನೋಡುತ್ತಿದ್ದಳು.

"ಅಮ್ಮಾ, ಇದು ಹ್ಯಾಟೆನಾ ಹುಂಜನಾ?"

"ಹಿಂಗೆ ನೋಡಿದ್ರೆ ಗೊತ್ತಾಗಲ್ಲ ಪುಟ್ಟ."

"ಮನುಷ್ಯರದ್ದು ಗೊತ್ತಾಗುತ್ತಲ್ಲ, ಸ್ಕ್ಯಾನಿಂಗಲ್ಲಿ? ಹೇಳಂಗಿಲ್ಲ ಅಂತ ಆಸ್ಪತ್ರೇಲಿ ಬೋರ್ಡು ಹಾಕಿರ್ತಾರೆ."

"ಮೊಟ್ಟೆ ಬೀಳಿಸ್ತೀಯ, ಸರಿಯಾಗಿ ಹಿಡ್ಕೋ," ಅಂದೆ.

ಅವಳಿಗೆ ಮೂರು ತುಂಬಿದಾಗ ನಾನು ಮತ್ತೆ ಬಸುರಿಯಾಗಿದ್ದೆ. ಅತ್ತೆ ನನ್ನನ್ನು ಪಾವಗಡ ದಾಟಿ, ಗಡಿಯಾಚೆಯ ಒಂದು ಊರಿಗೆ ಕರೆದುಕೊಂಡು ಹೋದರು. ಬಸ್ ಸ್ಟ್ಯಾಂಡಿನಿಂದ ಎಡಕ್ಕೆ, ಸೈಕಲ್ ಶಾಪಿನ ಪಕ್ಕದ ಸಂದಿ, ಕೆಂಪು ಬಣ್ಣ ಬಳಿದ ಹದಿನಾಲ್ಕು ಮೆಟ್ಟಿಲು. ಅಲ್ಲಿ ಬೋರ್ಡು ಇರಲಿಲ್ಲ. ಪರದೆಯನ್ನು ನನ್ನ ಕಡೆಗೆ ತಿರುಗಿಸಲಿಲ್ಲ. ಸ್ಕ್ಯಾನಿಂಗ್ ಮಾಡಿದಾತ ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಅತ್ತೆಗೆ ಕಾಣುವಂತೆ ಎಡಗೈಯನ್ನು ಮೇಜಿನ ಮೇಲೆ ಇಟ್ಟ. ಎಡ ಅಂದರೆ ಹೆಣ್ಣು. ವಾರದೊಳಗೆ ಎಲ್ಲ ಮುಗಿಯಿತು. ನನ್ನ ಯಜಮಾನರು ಆ ದಿನ ರಜ ಕೂಡ ಹಾಕಿರಲಿಲ್ಲ. ಅತ್ತೆ ಕೆಟ್ಟವರಲ್ಲ ಅಂತಲೂ ಬರೆಯಬೇಕು, ಯಾಕೆಂದರೆ ಅದೂ ನಿಜ. ಬಿಸಿನೀರು ಕಾಯಿಸಿ ಬೆನ್ನಿಗೆ ಹಾಕಿದರು, ನನ್ನ ಬಟ್ಟೆ ಒಗೆದರು, ನಾಟಿಕೋಳಿ ಸಾರು ಮಾಡಿ ಎದುರಿಗೆ ಕೂತು ಉಣಿಸಿದರು. ಆಮೇಲೆ ನನಗೆ ಮತ್ತೆ ಮಕ್ಕಳಾಗಲಿಲ್ಲ.

ಇಪ್ಪತ್ತೊಂದನೆಯ ದಿನ ಮಿಷನ್ನಿನಲ್ಲಿ ಏನೂ ಆಗಲಿಲ್ಲ. ಇಪ್ಪತ್ತಮೂರಕ್ಕೆ ಒಂದೆರಡು ಮೊಟ್ಟೆ ಬಿರುಕು ಬಿಟ್ಟವು, ಒಳಗಿಂದ ಸಣ್ಣಗೆ ಚೀಂವ್ ಅಂತ ಕೇಳಿಸಿತು. ಮೂವತ್ತರಲ್ಲಿ ಒಂಬತ್ತು ಹೊರಗೆ ಬಂದವು, ಒದ್ದೆಯಾಗಿ, ಕಾಲು ಊರಲಾರದೆ. ಮಿಕ್ಕಿದ್ದನ್ನು ಇನ್ನೆರಡು ದಿನ ಕಾದು, ಸೀಬೆ ಗಿಡದ ಬುಡಕ್ಕೆ ಒಯ್ದು ಒಡೆದೆ. ಒಡೆಯದೆ ಹಾಗೇ ಹೂಳಬಹುದಿತ್ತು. ಯಾಕೆ ಒಡೆದೆನೋ. ಹೆಚ್ಚಿನವು ಪೂರ್ತಿ ಮರಿಯಾಗಿದ್ದವು: ಕೊಕ್ಕು, ಉಗುರು, ಮೈಗೆ ಅಂಟಿದ ಹಳದಿ ತುಪ್ಪುಳು. ಒಂದರ ಚಿಪ್ಪಿನಲ್ಲಿ ಒಳಗಿನಿಂದ ಕುಟ್ಟಿದ ಗುರುತಿತ್ತು, ಸಾಸಿವೆಯಷ್ಟು. ಚಿಪ್ಪುಗಳ ಮೇಲೆ ಮಗಳು ಹಾಕಿದ ಸೊನ್ನೆ, ಗುಣಾಕಾರ ಅಳಿಸಿರಲಿಲ್ಲ.

ಎರಡು ತಿಂಗಳ ಮೇಲೆ ಉಳಿದ ಒಂಬತ್ತರಲ್ಲಿ ಏಳು ಹ್ಯಾಟೆ ಅಂತ ಗೊತ್ತಾದಾಗ ಯಜಮಾನರು ಆಫೀಸಿನವರಿಗೆಲ್ಲ ಫೋನು ಮಾಡಿ ಹೇಳಿದರು. ಅತ್ತೆಯಂತೂ ಬೀದಿಯಲ್ಲಿ ಹೋಗುವವರನ್ನು ಕರೆದು ತೋರಿಸಿದರು. ಸತ್ತ ಇಪ್ಪತ್ತೊಂದರ ಮಾತು ಯಾರೂ ಎತ್ತಲಿಲ್ಲ.

ಅದೇ ವಾರ ಮರಿಗಳಿಗೆ ಕೊಕ್ಕರೆ ರೋಗದ ಲಸಿಕೆ ಹಾಕಿಸಲು ಕುಕ್ಕೆಯಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟ್ರಮ್ಮ ಚಿಕ್ಕ ವಯಸ್ಸಿನವರು. ಯಜಮಾನರು ತಮ್ಮ ಉಪಾಯ ಹೇಳಿ ಮುಗಿಸುವವರೆಗೂ ತಲೆ ಎತ್ತದೆ ಸೂಜಿ ಹಾಕುತ್ತಿದ್ದರು.

"ಶಾಖದಿಂದ ಗಂಡು ಹೆಣ್ಣು ಆಗಲ್ಲ ಸರ್. ಆಮೆ, ಮೊಸಳೆಗಾದ್ರೆ ಹಂಗೆ. ಕೋಳಿ ಮೊಟ್ಟೆ ಇಡೋಕೆ ಮುಂಚೇನೇ ಒಳಗೆ ತೀರ್ಮಾನ ಆಗಿರುತ್ತೆ."

"ಮತ್ತೆ ಏಳು ಹ್ಯಾಟೆ ಹೆಂಗೆ ಬಂತು ಮೇಡಂ?"

"ಬಂತು. ಒಂಬತ್ತರಲ್ಲಿ ಏಳು ಸುಮ್ನೆ ಹಂಗೇ ಬರಬಹುದು. ಇಲ್ಲಾ, ಹುಂಜದ ಮರಿ ಜಾಸ್ತಿ ಸತ್ತಿರಬಹುದು. ಶಾಖ ಕಮ್ಮಿ ಆದ್ರೆ ಸಾಯ್ತವೆ, ಅಷ್ಟೇ. ನೀವು ಹೆಣ್ಣು ಮಾಡಿಲ್ಲ ಸರ್, ಬರೋದನ್ನ ಕಮ್ಮಿ ಮಾಡಿದೀರಿ." ಆಮೇಲೆ ನನ್ನ ಕಡೆ ತಿರುಗಿ ನಕ್ಕರು. "ಕೋಳೀಲಿ ತೀರ್ಮಾನ ತಾಯೀದು ಮೇಡಂ. ನಮ್ಮಲ್ಲಿ ಗಂಡಸರದ್ದು. ಬೈಸ್ಕೊಳೋದು ಮಾತ್ರ ನಾವು."

ಯಜಮಾನರು ಜೇಬಿನಿಂದ ಫೋನು ತೆಗೆದು ನೋಡತೊಡಗಿದರು. ಅದು ರಿಂಗಾಗಿರಲಿಲ್ಲ.

ಸಂಜೆ ಮನೆಗೆ ಬಂದರೆ ಅತ್ತೆ ನನಗಾಗಿ ಕಾಯುತ್ತಿದ್ದರು. ವೈ.ಎನ್.ಹೊಸಕೋಟೆಗೆ ಕೊಟ್ಟಿರುವ ನಾದಿನಿ, ಅಂದರೆ ಯಜಮಾನರ ತಂಗಿ, ಮತ್ತೆ ಬಸುರಿ. ಮೊದಲೆರಡೂ ಹೆಣ್ಣು.

"ನೀನೊಬ್ಳು ಜೊತೇಲಿ ಬಾ ಕಣಮ್ಮ," ಅಂದರು. "ಬಸ್ಸಿಳಿದ್ಮೇಲೆ ನಂಗೆ ದಾರಿ ಮರ್ತೋಗೈತೆ. ನೀನು ಎಲ್ಲಾನೂ ಗೆಪ್ತಿ ಇಟ್ಕೊಂಡಿರ್ತೀಯ."

ಹೌದು, ಇಟ್ಟುಕೊಂಡಿದ್ದೆ. ಹದಿನಾಲ್ಕು ಮೆಟ್ಟಿಲು. ಏಳನೆಯದರ ಅಂಚು ಮುರಿದಿತ್ತು.

"ನಾನು ಬರಲ್ಲ ಅತ್ತೆ," ಅಂದೆ. ಆ ಮನೆಯಲ್ಲಿ ನಾನು ಬರಲ್ಲ ಅಂದದ್ದು ಅದೇ ಮೊದಲು. "ಅವಳನ್ನೂ ಕರ್ಕೊಂಡು ಹೋಗ್ಬೇಡಿ. ಅಲ್ಲಿಗೆ ಹೋದ್ರೆ ಗಂಡು ಆಗಲ್ಲ. ಆ ಮೊಟ್ಟೆ ಇದಾವಲ್ಲ, ಶಾಖ ಇಳಿಸಿದ್ದಕ್ಕೆ ಹ್ಯಾಟೆ ಆಗ್ಲಿಲ್ಲ. ಬೇಡ ಅಂದದ್ದು ಒಳಗೇ ಸತ್ತಿತು, ಅಷ್ಟೇ. ಡಾಕ್ಟ್ರಮ್ಮ ಹೇಳಿದ್ರು, ಇವರೂ ಕೇಳಿಸ್ಕೊಂಡ್ರು."

ಅತ್ತೆ ನನ್ನನ್ನು ನೋಡಿದರು. ಸಿಟ್ಟೇನೂ ಇರಲಿಲ್ಲ.

"ಅದಕ್ಕೇನೀಗ? ಬೇಕಾದ್ದು ಉಳ್ಕಂತಲ್ಲ."

ಯಜಮಾನರು ಚಪ್ಪಲಿ ಮೆಟ್ಟಿಕೊಂಡು ಹಿತ್ತಲಿಗೆ ಹೋದರು, ಕೋಳಿಗೆ ನೀರಿಡಲು. ನೀರು ನಾನು ಬೆಳಿಗ್ಗೆಯೇ ಇಟ್ಟಿದ್ದೆ.

ಮಾರನೆಯ ದಿನ ಅತ್ತೆ ಸಂತೆಗೆ ಹೋದಾಗ ನಾದಿನಿಗೆ ಫೋನು ಮಾಡಿದೆ. ಹೇಳಬೇಕಾದ್ದೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೆ, ಮರೆಯಬಾರದು ಅಂತ. ಅವಳು ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿದಳು. ಆಮೇಲೆ,

"ಅತ್ಗೆ, ನೀವು ಹೋಗಿದ್ರಲ್ಲ?"

"ಹೋಗಿದ್ದೆ. ಅದಕ್ಕೇ ಹೇಳ್ತಿದೀನಿ."

"ನೀವು ಹೋಗಿ ಬಂದ್ರಿ, ಅದಕ್ಕೇ ನಿಮ್ಮನ್ನ ಮನೇಲಿ ಇಟ್ಕಂಡ್ರು. ಇಲ್ಲಿ ನಮ್ಮತ್ತೆ ಏನಂತಾರೆ ಗೊತ್ತಾ? ಮೂರನೇದೂ ಆಡಪಿಲ್ಲ ಆದ್ರೆ ನಿಮ್ಮಣ್ಣನ ಮನೇಲೇ ಇರು ಅಂತಾರೆ. ಇಟ್ಕಂತೀರಾ ನೀವು, ಮೂರು ಹೆಣ್ಮಕ್ಕಳ ಜೊತೆ?" ಹೊಸಕೋಟೆಗೆ ಹೋದ ಮೇಲೆ ಅವಳ ಮಾತಿನಲ್ಲಿ ಅರ್ಧ ತೆಲುಗು. ಹೆಣ್ಣು ಮಗು ಅನ್ನುವುದನ್ನೂ ಅವಳು ತೆಲುಗಿನಲ್ಲೇ ಹೇಳಿದಳು.

ಇಟ್ಕೊಳ್ತೀನಿ ಬಾ, ಅನ್ನಬೇಕಿತ್ತು. ಮನೆ ನನ್ನದಾಗಿದ್ದರೆ ಅನ್ನುತ್ತಿದ್ದೆ ಅಂತ ಈಗಲೂ ಸಮಾಧಾನ ಹೇಳಿಕೊಳ್ಳುತ್ತೇನೆ. ಆಗ, "ಯೋಚನೆ ಮಾಡಮ್ಮ," ಅಂತ ಮಾತ್ರ ಅಂದೆ. ಅವಳು ಸರಿ ಅಂದಳು. ಚೀಟಿಯಲ್ಲಿ ಇನ್ನೂ ಎರಡು ಸಾಲು ಉಳಿದಿದ್ದವು.

ನಾನು ದಾರಿ ತೋರಿಸಲಿಲ್ಲ. ದಾರಿ ಗೊತ್ತಿದ್ದವರು ಹೊಸಕೋಟೆಯಲ್ಲೇ ಯಾರೋ ಸಿಕ್ಕರು. ಹದಿನೈದು ದಿನದ ಮೇಲೆ ಅತ್ತೆ ತಮ್ಮ ಮಗಳನ್ನು ಕರೆದುಕೊಂಡು ನಮ್ಮ ಮನೆಗೇ ಬಂದರು, ಸುಧಾರಿಸಿಕೊಳ್ಳಲಿ ಅಂತ. ಎಡವೋ ಬಲವೋ ಅಂತ ನಾನು ಕೇಳಲಿಲ್ಲ. ನಾದಿನಿ ಜಗಲಿಯ ಕಂಬ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದಳು. ಸೆರಗಿಗೆ ಎರಡು ಪಿನ್ನು ಹಾಕಿಕೊಂಡಿದ್ದಳು. ನನ್ನ ಮಗಳು ಓಡಿ ಬಂದು, "ಅತ್ತೆ, ನಮ್ಮ ಕೋಳಿ ಮರಿ ನೋಡ್ತೀಯಾ?" ಅಂತ ಕೈ ಹಿಡಿದೆಳೆದಳು. "ಆಮೇಲೆ ಕಂದ," ಅಂದಳು ನಾದಿನಿ.

"ಕೋಳಿ ಸಾರು ಮಾಡಮ್ಮ, ಮೆಣಸು ಜಾಸ್ತಿ ಹಾಕು, ಮೈಗೆ ಶಾಖ ಬೇಕು," ಅಂದರು ಅತ್ತೆ.

ಯಜಮಾನರು ಹಿತ್ತಲಿನಿಂದಲೇ ಕೂಗಿ ಹೇಳಿದರು, "ಹ್ಯಾಟೆ ಮುಟ್ಟಬೇಡ. ಹುಂಜ ಹಿಡ್ಕೊಡ್ತೀನಿ ತಡಿ."

ಅವರು ಹಿಡಿದು ತಂದದ್ದು ಆ ಒಂಬತ್ತರಲ್ಲಿದ್ದ ಎರಡು ಹುಂಜಗಳಲ್ಲಿ ಒಂದು, ಶಾಖ ಸಾಲದ ಡಬ್ಬದಲ್ಲೂ ಹೇಗೋ ಚಿಪ್ಪು ಒಡೆದು ಬಂದಿದ್ದು. ಇನ್ನೂ ಸರಿಯಾಗಿ ಕೂಗಲೂ ಕಲಿತಿರಲಿಲ್ಲ. ಎಳೆಯದು, ಬೇಗ ಬೆಂದಿತು. ಮೆಣಸು, ಬೆಳ್ಳುಳ್ಳಿ ಅರೆದು ಹಾಕಿ, ಒಂದು ಬಟ್ಟಲಿಗೆ ಬಗ್ಗಿಸಿ, ಆರಲಿ ಅಂತ ಊದುತ್ತಾ ಅವಳ ಎದುರಿಗೆ ಕೂತೆ, ಹಿಂದೆ ಅತ್ತೆ ನನ್ನ ಎದುರಿಗೆ ಕೂತಿದ್ದ ಹಾಗೆ.

"ಖಾರ ಆಯ್ತಾ?" ಅಂದೆ.

"ಇಲ್ಲ ಅತ್ಗೆ, ಸರಿಯಾಗೈತೆ," ಅಂತ ಅವಳು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು.