ಮೃಗದ ಅಂಗಿಯ ಅಸ್ತರು

ಸರ್, ಅಂದು ಅಡವಿಯಲ್ಲಿ ನಿಮ್ಮ ಮಗನ ಮೈಯೊಳಗೆ ಏನೂ ಹೊಕ್ಕಿರಲಿಲ್ಲ. ಅವನು ತೊಟ್ಟಿದ್ದ ಮೃಗದ ಅಂಗಿಯ ಒಳಬಟ್ಟೆಗೆ, ಅಸ್ತರಿಗೆ, ಮುಟ್ಟಿದರೆ ಮೈ ತುರಿಸುವ ನಸುಗುನ್ನಿ ಕಾಯಿಯ ರೋಮ ಉಜ್ಜಿದ್ದೆ — ನಾನು, ಸಾಬಣ್ಣ, ಕೊಂಕಲ್ ಶಾಲೆಯಲ್ಲಿ ನಿಮ್ಮ ಕೈಯಲ್ಲಿ ಕಲಿತವನು, ನಿಮ್ಮ ಮನೆಯ ಬಟ್ಟೆ ಹೊಲಿಯುವ ಟೇಲರ್. ಕೈತಪ್ಪಿ ಆದದ್ದಲ್ಲ, ಬೇಕೆಂದೇ ಉಜ್ಜಿದ್ದು. ಇಷ್ಟು ಬರೆಯಲು ನನಗೆ ಏಳು ವರ್ಷ ಬೇಕಾಯಿತು.

ಸುರಪುರದಲ್ಲಿ ಮದುವೆ ವಿಡಿಯೊ ತೆಗೆಯುವ ವಿಶ್ವ, ನಿಮ್ಮ ಮಗ ಮಿಲಿಂದನನ್ನೂ ನನ್ನನ್ನೂ ಹಾಕಿಕೊಂಡು ಭಯದ ಸಿನಿಮಾ ಮಾಡಿದ್ದು ನಿಮಗೆ ಗೊತ್ತು. ಅಡವಿಗೆ ಹೋದ ನಾಲ್ವರು ಗೆಳೆಯರು, ಅವರನ್ನು ಒಬ್ಬೊಬ್ಬರನ್ನಾಗಿ ಹಿಡಿಯುವ ಅರ್ಧ ಮನುಷ್ಯ ಅರ್ಧ ತೋಳ. ಆ ಮೃಗ ನಾನು. ಹಳೆ ಕಂಬಳಿಗೆ ಆಡಿನ ಕೂದಲು ಹೊಲಿದು ನಾನೇ ಅಂಗಿ ಮಾಡಿ, ನಾನೇ ಅದರೊಳಗೆ ಹೊಕ್ಕು, ಮಟಮಟ ಮಧ್ಯಾಹ್ನ ನಾಲ್ಕು ಕಾಲಲ್ಲಿ ಓಡಿದ್ದೆ. ವಿಶ್ವ ಎಲ್ಲವನ್ನೂ ಬಿಸಿಲಲ್ಲೇ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಕಪ್ಪು ಮಾಡಿ ಅದನ್ನು ರಾತ್ರಿ ಅನ್ನುತ್ತಿದ್ದ. ಮಿಲಿಂದನದು ಸಣ್ಣ ಪಾತ್ರ. ಕೊನೆಗೆ ಉಳಿಯುವವನು ಅವನೊಬ್ಬನೇ, ನಾನು ಅವನ ಭುಜ ಕಚ್ಚುತ್ತೇನೆ, ಅಲ್ಲಿಗೆ ಮುಗಿಯುತ್ತದೆ.

ಸುರಪುರದ ಒಂದು ಫಂಕ್ಷನ್ ಹಾಲಿನಲ್ಲಿ ಪರದೆ ಕಟ್ಟಿ ತೋರಿಸಿದ ದಿನ ಜನ ಮಿಲಿಂದನನ್ನು ಮುತ್ತಿಕೊಂಡರು. ಅವನ ಮುಖ ಕಂಡಿತ್ತಲ್ಲ, ನನ್ನದು ಮುಖವಾಡದೊಳಗಿತ್ತು. ಒಬ್ಬ ಹುಡುಗಿ ಬಂದು ನನ್ನ ಕೈಗೆ ಫೋನು ಕೊಟ್ಟು, "ಅಣ್ಣಾ, ಅವರ್ ಜೋಡಿ ನಮ್ದೊಂದು ಫೋಟೊ ತೆಗೀರಿ" ಅಂದಳು. ತೆಗೆದೆ. ನಗಲು ಹೇಳಿ, ಇಬ್ಬರೂ ಚೆನ್ನಾಗಿ ಬರುವಂತೆ ತೆಗೆದೆ — ಅವತ್ತು ನನ್ನ ಹೊಟ್ಟೆಯಲ್ಲಿ ಹೊತ್ತಿದ ಕಿಚ್ಚು ಇವತ್ತಿಗೂ ಪೂರ್ತಿ ಆರಿಲ್ಲ.

ಅದಾದ ವಾರಕ್ಕೆ ನೀವು ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಅಂಗಡಿಗೆ ಬಂದಿರಿ. ಸ್ಟೂಲಿನ ಮೇಲೆ ಕುಳಿತು ಮಗನ ಅಭಿನಯ ಹೊಗಳಿದಿರಿ. ಹೊಗಳಿಕೆ ವಿಷಯದಲ್ಲಿ ನಿಮ್ಮ ಕೈ ಬಿಗಿ ಎಂದು ನಿಮ್ಮ ಶಿಷ್ಯರಿಗೆಲ್ಲ ಗೊತ್ತು. ಹತ್ತು ವರ್ಷ ಶಾಲೆ ಕಲಿತರೂ ನನಗೆ ಒಂದು "ಭೇಷ್" ಸಿಕ್ಕಿರಲಿಲ್ಲ. ಎದ್ದು ಹೋಗುವಾಗ ಕೇಳಿದಿರಿ: "ನೀನೂ ಇದ್ದಿ ಅಂದ್ರಲ್ಲೋ ಸಾಬಣ್ಣ, ಎಲ್ಲಿದ್ದೆಪಾ?"

"ಒಳಗಿದ್ದೆ ಸರ್," ಅಂದೆ.

ನಿಮಗೆ ಅರ್ಥವಾಗಲಿಲ್ಲ, ನಕ್ಕು ಹೋದಿರಿ. ನೀವು ಕೆಟ್ಟದ್ದನ್ನೇನೂ ಹೇಳಿರಲಿಲ್ಲ. ಆದರೆ ಆ ದಿನದಿಂದ ನನಗೆ ಮಿಲಿಂದನಿಗೆ ಬಂದ ಹೆಸರಿಗಿಂತ ಹೆಚ್ಚು ಅವನಿಗೆ ನೀವು ಅಪ್ಪನಾಗಿರುವುದೇ ಉರಿಯತೊಡಗಿತು.

ಎರಡನೇ ಭಾಗ ಮಾಡಬೇಕಾದಾಗ ವಿಶ್ವ ಕಥೆ ಹೇಳಿದ. ಮೃಗ ಕಚ್ಚಿದವನು ಮೃಗವಾಗುತ್ತಾನೆ. ಅಂದರೆ ಮಿಲಿಂದ. ಅಡವಿಯ ನಡುವೆ ಅವನ ಬೆನ್ನು ಬಾಗುತ್ತದೆ, ಚರ್ಮ ಹರಿಯುತ್ತದೆ, ಮನುಷ್ಯನೊಬ್ಬ ಎಲ್ಲರ ಕಣ್ಣೆದುರಿಗೇ ಮೃಗವಾಗುತ್ತಾನೆ — ಈ ಸಲ ಮುಖ ಕಾಣಬೇಕು, ಮುಖವಾಡ ಬೇಡ, ಅಂದ. ನನಗೆ? "ನೀ ಅಂಗಿ ಹೊಲಿ ಸಾಬಣ್ಣ, ನಿನ್ನಂಗ ಯಾರೂ ಹೊಲಿಯಂಗಿಲ್ಲ." ನನ್ನ ಹಲ್ಲಿನಿಂದಲೇ ನನ್ನ ಪಾತ್ರವನ್ನು ಅವನಿಗೆ ದಾಟಿಸಿದ್ದೆ ನೋಡಿ. ಮಿಲಿಂದ ಅಳತೆ ಕೊಡಲು ಬಂದ. ಟೇಪು ಹಿಡಿದರೆ ಎದೆ ನನಗಿಂತ ಎರಡು ಇಂಚು ಹೆಚ್ಚು. ಅದಕ್ಕೂ ಉರಿಯಿತು.

ನಸುಗುನ್ನಿಯನ್ನು ನನಗೆ ಪರಿಚಯಿಸಿದವರು ನೀವೇ. ಏಳನೇ ತರಗತಿ. ಶಾಲೆಯ ಹಿಂದಿನ ಬೇಲಿಯಲ್ಲಿ ಒಬ್ಬ ಹುಡುಗಿ ಮೈ ಪರಚಿಕೊಂಡು ಬಿದ್ದು ಹೊರಳಿದಳು, ದೆವ್ವ ಮೆಟ್ಟಿದೆ ಎಂದು ಊರು ಕೂಡಿತು. ಮರುದಿನ ನೀವು ಪೇಪರಿನಲ್ಲಿ ಒಂದು ಕಾಯಿ ಸುತ್ತಿಕೊಂಡು ಬಂದಿರಿ. ನಮ್ಮ ಯಾರ ಕೈಗೂ ಹಚ್ಚಲಿಲ್ಲ. ನಿಮ್ಮದೇ ಮುಂಗೈಗೆ ಉಜ್ಜಿಕೊಂಡು, ಕೆಂಪಗೆ ಉಬ್ಬಿ ಬರುವ ತನಕ ತುರಿಸದೆ ನಿಂತು, "ನೋಡ್ರಿ, ಇದಕ್ಕ ದೆವ್ವ ಅಂತಾರ. ಇದು ಬರೇ ರೋಮ" ಅಂದಿರಿ. ಆಮೇಲೆ ಸಗಣಿ ಹಚ್ಚಿ ತೊಳೆದುಕೊಂಡಿರಿ. ಆ ಪಾಠ ನಾನು ಮರೆಯಲಿಲ್ಲ. ಅದನ್ನು ಬಳಸಿದ ರೀತಿ ಮಾತ್ರ —

ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಕಾಯಿ ತಂದೆ. ಕಂಬಳಿ ದಪ್ಪ, ಹೊರಗೆ ಹಾಕಿದರೆ ತಾಗುವುದಿಲ್ಲ. ಕೊರಳು ಮತ್ತು ಬೆನ್ನಿನ ಭಾಗದ ಅಸ್ತರಿನ ಬಟ್ಟೆಗೆ ಚೆನ್ನಾಗಿ ಉಜ್ಜಿ, ಆಮೇಲೆ ಒಳಗೆ ಕೂಡಿಸಿ ಹೊಲಿದೆ. ಅವನು ತುರಿಸಿಕೊಳ್ಳುತ್ತಾನೆ, ಜನ ನಗುತ್ತಾರೆ, ವಿಶ್ವ ಬೇಸತ್ತು ಪಾತ್ರವನ್ನು ನನಗೆ ಕೊಡುತ್ತಾನೆ. ಇಷ್ಟೇ ನನ್ನ ಲೆಕ್ಕ. ಹೊಲಿಗೆ ಎಷ್ಟು ನೇರ ಬಂದಿತ್ತೆಂದರೆ ಅವತ್ತು ನನಗೇ ಸಮಾಧಾನವಾಗಿತ್ತು.

ಬಳಿಚಕ್ರ ಊರು ದಾಟಿ ಒಳಗೆ ಹೋದ ಮೇಲೆ ಸಿಗುವ ಅಡವಿಯಲ್ಲಿ ಶೂಟಿಂಗ್. ಈ ಶಾಟು ಒಂದೇ ಸಲ, ತಾನು ಕಟ್ ಅನ್ನುವ ತನಕ ಯಾರೂ ಅಡ್ಡ ಬರಬಾರದು ಎಂದು ವಿಶ್ವ ಎಲ್ಲರಿಗೂ ತಾಕೀತು ಮಾಡಿದ್ದ. ಮಿಲಿಂದ ಅಂಗಿ ತೊಟ್ಟ. ಬೆವರು ಹರಿದಂತೆ ರೋಮ ಮೈಗೆ ಇಳಿಯಿತು. ಮೊದಲು ಕೊರಳು ತಿರುವಿದ, ಆಮೇಲೆ ಬೆನ್ನನ್ನು ಮರಕ್ಕೆ ಉಜ್ಜಿದ, ಆಮೇಲೆ ನೆಲಕ್ಕೆ ಬಿದ್ದು — ಸರ್, ಆ ಕೂಗು ನನಗೆ ಬರೆಯಲು ಆಗುವುದಿಲ್ಲ. ಪರಚಿದ ಕೈಯಿಂದಲೇ ಕಣ್ಣು ಉಜ್ಜಿಕೊಂಡ. ಕಣ್ಣು ಮುಚ್ಚಿಹೋಯಿತು. ಕಾಣದೆ ಓಡಿ ಕಲ್ಲಿಗೆ ಡಿಕ್ಕಿ ಹೊಡೆದ. ಎಲ್ಲರೂ ಬೆರಗಾಗಿ ಅಭಿನಯ ಅಂದುಕೊಂಡು ನಿಂತಿದ್ದರು. ಅದು ಅಭಿನಯವಲ್ಲ ಎಂದು ಗೊತ್ತಿದ್ದವನು ನಾನೊಬ್ಬನೇ. ನಾನೂ ನಿಂತಿದ್ದೆ. ಆಗ ನನ್ನೊಳಗೆ ಏನಿತ್ತು ಹೇಳಲೇ? ಇಂಥದ್ದು ನನಗೆ ಬರುತ್ತಿರಲಿಲ್ಲವಲ್ಲ ಎಂಬ ಹೊಟ್ಟೆಕಿಚ್ಚು. ನಾನೇ ಕೊಟ್ಟ ನೋವಿನ ಮೇಲೂ ನನಗೆ ಮತ್ಸರ.

ಕುರಿ ಕಾಯುವ ಮುದುಕನೊಬ್ಬ ದೂರದಿಂದ ನೋಡಿ, "ಇಲ್ಲಿ ಹಿಡೀತದ್ರಿ, ಹೇಳದ ಕೇಳದ ಬಂದೀರಿ" ಅಂದ. ಅಷ್ಟು ಸಾಕಾಯಿತು. ಅಲ್ಲಿಂದ ಯಾದಗಿರಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ದೆವ್ವ ಹಿಡಿಯಿತೆಂಬ ಮಾತು ಹತ್ತು ಬಾಯಿಗೆ ದಾಟಿತ್ತು. ಮಿಲಿಂದನೂ ಅದನ್ನೇ ನಂಬಿದ. ಅವನಿಗೆ ಬೇರೆ ಕಾರಣ ಕಂಡಿರಲಿಲ್ಲವಲ್ಲ.

ಮೂರನೇ ದಿನ ನೀವು ಅಂಗಡಿಗೆ ಬಂದಿರಿ. ಕುಳಿತುಕೊಳ್ಳಲಿಲ್ಲ.

"ಸಾಬಣ್ಣ, ಡಾಕ್ಟರು ಏನೋ ತಾಗ್ಯದ ಅಂತಾರ. ಆ ಅಂಗಿ ಎಲ್ಲದ? ನಾ ಒಂದ್ಸಲ ನೋಡಬೇಕು."

"ಸುಟ್ಟುಬಿಟ್ಟೇನ್ರಿ ಸರ್. ಇಟ್ಕೋಬಾರ್ದು ಅಂದ್ರು ಎಲ್ಲಾರು."

"ನೀನೂ ನಂಬಿದ್ಯೇನೊ?"

"ಕಣ್ಣಾರ ನೋಡೀನ್ರಿ ಸರ್. ಅದು ಮಿಲಿಂದ ಅಲ್ರಿ."

ನಸುಗುನ್ನಿ ಉಜ್ಜಿದ್ದು ಒಂದು ತಪ್ಪು. ಈ ಮಾತು ಅದಕ್ಕಿಂತ ದೊಡ್ಡದು. ನೀವು ಆಸರೆಗೆ ನಿಮ್ಮ ಶಿಷ್ಯನ ಹತ್ತಿರ ಬಂದಿದ್ದಿರಿ, ನಾನು ಊರಿನ ಜೊತೆ ನಿಂತೆ.

ಬಸ್ ನಿಲ್ದಾಣದ ಮುಂದಿನ ಹೋಟೆಲಿನಲ್ಲಿ ದಿನಾ ಬೆಳಿಗ್ಗೆ ನೀವು ಪೇಪರ್ ಜೋರಾಗಿ ಓದಿ ಹೇಳುತ್ತಿದ್ದಿರಿ. ಅಲ್ಲೇ ಒಬ್ಬ, "ಏನ್ರಿ ಮಾಸ್ತರ, ದೆವ್ವ ಇಲ್ಲ ಅಂತ ಊರಿಗೆಲ್ಲ ಹೇಳ್ತಿದ್ರಿ, ನಿಮ್ಮ ಮನಿಗೇ ಬಂತಲ್ರಿ" ಅಂದ. ಬೆಂಚು ಬೆಂಚೇ ನಕ್ಕಿತು. ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ನಾನೂ ನಕ್ಕೆ, ಸರ್. ನೀವು ಪೇಪರ್ ಮಡಿಚಿಟ್ಟು ಎದ್ದಿರಿ. ಆಮೇಲೆ ಆ ಹೋಟೆಲಿಗೆ ಬರಲಿಲ್ಲ.

ಸಿನಿಮಾದ ಉಳಿದ ಭಾಗವನ್ನು ನಾನೇ ಮೃಗವಾಗಿ ಮುಗಿಸಿದೆ, ಹೊಸ ಅಂಗಿ ಹೊಲಿದುಕೊಂಡು. ಈ ಸಲ ನನ್ನ ಮುಖವೂ ಕಂಡಿತು. ಸಿನಿಮಾ ಓಡಿತು. ಜನ ಬರೆದದ್ದೆಲ್ಲ ಅಡವಿಯಲ್ಲಿ ಮಿಲಿಂದ ಬದಲಾಗುವ ಆ ಒಂದು ದೃಶ್ಯದ ಬಗ್ಗೆ. ನನ್ನ ಬಗ್ಗೆ ಒಬ್ಬ ಬರೆದಿದ್ದ: ಆಮೇಲಿನ ಮೃಗದಲ್ಲಿ ದಮ್ಮಿಲ್ಲ.

ಇನ್ನೊಂದು ಹೇಳಬೇಕು. ಅಂಗಿಯನ್ನು ಸುಟ್ಟದ್ದು ನಿಜ. ಸುಡುವ ಮೊದಲು ಕೊರಳಿನ ಅಸ್ತರು ಬಿಚ್ಚಿ, ಚೀಲದಲ್ಲಿ ಕಟ್ಟಿ, ಹೊಲಿಗೆ ಯಂತ್ರದ ಕೆಳಗಿನ ಖಾನೆಯಲ್ಲಿ ಇಟ್ಟುಕೊಂಡೆ. ಪಶ್ಚಾತ್ತಾಪಕ್ಕೆ ಇಟ್ಟುಕೊಂಡೆ ಎಂದರೆ ಅದೂ ಸುಳ್ಳಾಗುತ್ತದೆ. ಎಲ್ಲರೂ ಹೊಗಳುವ ಆ ದೃಶ್ಯ ಅವನದಲ್ಲ, ನನ್ನದು ಎನ್ನುವುದಕ್ಕೆ ನನ್ನಲ್ಲಿದ್ದ ಗುರುತು ಅದೊಂದೇ. ಆಗಾಗ ತೆಗೆದು ನೋಡಿ ಒಳಗೊಳಗೇ ಹೆಮ್ಮೆಪಟ್ಟಿದ್ದೇನೆ.

ಹೋದ ಭಾನುವಾರ ಮಿಲಿಂದ ಶಹಾಪುರದಿಂದ ಬಂದವನು ಅಂಗಿ ಅಳತೆ ಕೊಡಲು ಬಂದ. ಅಲ್ಲಿ ಆಫೀಸು ಸೇರಿದಾಗಿನಿಂದ ಅವನಿಗೆ ಉದ್ದ ತೋಳೇ ಬೇಕು. ತೋಳಿನ ಕೆಳಗೆ ತಾಯತ ಕಟ್ಟಿದ್ದಾನೆ, ನಿಮಗೆ ಕಾಣಬಾರದೆಂದು. ಅಳತೆ ತೆಗೆಯುವವನಿಗೆ ಅದು ಏಳು ವರ್ಷದಿಂದ ಗೊತ್ತು. ವಿಶ್ವ ಮೂರನೇ ಭಾಗಕ್ಕೆ ಕರೆದಿದ್ದಾನಂತೆ. "ಬ್ಯಾಡ ಅಂದೀನಿ, ಅದು ಮತ್ತ ಬಂದ್ರ ತಡಿಯಂಗಿಲ್ಲ ನಾ" ಅಂದ. ಜೊತೆಗೆ ಮಗಳಿದ್ದಳು. ಅವಳಿಗೂ ಒಂದು ಫ್ರಾಕು ಅಂದ. ಟೇಪು ಹಿಡಿದು ಆ ಪುಟ್ಟ ತೋಳು ಎತ್ತಿದೆ. ಅಲ್ಲೂ ಕಪ್ಪು ದಾರ, ಹೊಸದಾಗಿ ಕಟ್ಟಿದ್ದು. ನಿಮ್ಮ ಮನೆಯ ಮಗು, ಸರ್. ಗೋಡೆಗೆ ಬುದ್ಧನ ಒಂದೇ ಚಿತ್ರ ಬಿಟ್ಟರೆ ಬೇರೇನೂ ಕಟ್ಟದ ಮನೆಯ ಮಗು. ಅಳತೆ ಏನು ಬರೆದುಕೊಂಡೆನೋ ಗೊತ್ತಿಲ್ಲ.

ಅವರು ಹೋದ ಮೇಲೆ ಖಾನೆಯಿಂದ ಚೀಲ ತೆಗೆದು ಆ ಬಟ್ಟೆಯನ್ನು ಮೊಣಕೈಗೆ ಮುಟ್ಟಿಸಿದೆ. ಏಳು ವರ್ಷವಾದರೂ ಕಡಿಯಿತು.

ಕ್ಷಮೆ ಕೇಳಲು ಬರೆಯುತ್ತಿಲ್ಲ. ಮಿಲಿಂದನಿಗೂ ಇದೇ ಕಾಗದದ ಇನ್ನೊಂದು ಪ್ರತಿ ಕೊಡುತ್ತೇನೆ. ಬರುವ ಭಾನುವಾರ ಬೆಳಿಗ್ಗೆ, ಜನ ತುಂಬಿರುವ ಹೊತ್ತಿಗೆ, ಆ ಹೋಟೆಲಿನಲ್ಲಿ ನೀವು ಪೇಪರ್ ಓದುತ್ತಿದ್ದ ಬೆಂಚಿನ ಮುಂದೆ ನಿಲ್ಲುತ್ತೇನೆ. ಏನು ಮಾಡಿದೆ ಎಂದು ಹೇಳುತ್ತೇನೆ. ನಂಬದವರು ಇರುತ್ತಾರೆ. ಅವರಿಗಾಗಿ ಅಸ್ತರಿನ ತುಂಡನ್ನು ನನ್ನ ಕೊರಳಿಗೆ ಕಟ್ಟಿಕೊಳ್ಳುತ್ತೇನೆ. ನಿಮ್ಮನ್ನು ಬನ್ನಿ ಎಂದು ಕರೆಯುವ ಮುಖ ನನಗಿಲ್ಲ. ಬಂದರೆ ಮೊಮ್ಮಗಳನ್ನು ಕರೆದುಕೊಂಡು ಬನ್ನಿ. ಅದು ಬರೇ ರೋಮ ಎಂದು ಆ ಮಗು ನೋಡಲಿ. ನೋಡುವ ತನಕ ನಾನು ತುರಿಸಿಕೊಳ್ಳುವುದಿಲ್ಲ.